ಮಣ್ಣಿಗೆ ಹಾಕುವ ಕಬ್ಬಿಣ ಬದಲಾಗುತ್ತಿದೆ: ಎರೆ ಹೊಲದ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಈ ಮುಂಗಾರಿನಿಂದ ಎರೆ ಹೊಲದ ಮಣ್ಣಿಗೆಂದು ಇಡಿಟಿಎ ಕಬ್ಬಿಣ ಕೊಡುವುದನ್ನು ಸಂಘದ ಮಳಿಗೆ ನಿಲ್ಲಿಸುತ್ತಿದೆ. ಬದಲಿಗೆ ಇಡಿಡಿಎಚ್‌ಎ ಕಬ್ಬಿಣ ಸಿಗುತ್ತದೆ. ಎರಡೂ ಕಬ್ಬಿಣ ಗಟ್ಟಿಯಾಗದಂತೆ ಹಿಡಿದಿಡುವ ರಾಸಾಯನಿಕಗಳ ಹೆಸರು. ಬೆಲೆ ಜಾಸ್ತಿ, ಕಬ್ಬಿಣ ಮಾತ್ರ ಅರ್ಧ: ಹಳೆಯದರಲ್ಲಿ ಶೇ. 12 ಇದ್ದದ್ದು ಇದರಲ್ಲಿ ಶೇ. 6. ಹೆಚ್ಚು ದುಡ್ಡು ಕೊಟ್ಟು ಅರ್ಧ ಸರಕು ಏಕೆ ಒಯ್ಯಬೇಕೆಂದು ನೀವು ಕೇಳುವುದು ನ್ಯಾಯವೇ.

ನಮ್ಮ ಎರೆಯಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಅದು ಕರಗದೆ ಕೂತಿರುತ್ತದೆ. ಶೇಂಗಾ, ಕಡಲೆಯಂಥ ಬೆಳೆಗಳ ಬೇರು ಮೊದಲು ಹುಳಿ ಬಿಟ್ಟು ಸುತ್ತಲ ಮಣ್ಣನ್ನು ಹದ ಮಾಡಿಕೊಳ್ಳುತ್ತದೆ. ಆಮೇಲೆ ಬೇರಿನ ಹೊರಪದರದಲ್ಲಿರುವ ರಿಡಕ್ಟೇಸ್ ಎಂಬ ಕಿಣ್ವ ಫೆರಿಕ್ ಎಂಬ ರೂಪದ ಕಬ್ಬಿಣವನ್ನು ಫೆರಸ್ ಎಂಬ ರೂಪಕ್ಕೆ ತರುತ್ತದೆ. ಫೆರಸ್ ಆದದ್ದನ್ನೇ ಬೇರು ಒಳಗೆಳೆದುಕೊಳ್ಳುವುದು. ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಿದ್ದರೆ ಹುಳಿ) 5ರ ಆಸುಪಾಸಿನಲ್ಲಿ ಚುರುಕಾಗಿರುವ ಈ ಕಿಣ್ವ 7.5 ದಾಟಿದರೆ ಮಂಕಾಗುತ್ತದೆ. ನೀವು ತರುವ ಮಣ್ಣು ಪರೀಕ್ಷೆಯ ಚೀಟಿಗಳಲ್ಲಿ 8ಕ್ಕಿಂತ ಮೇಲಿರುವುದೇ ಹೆಚ್ಚು. ಸಾಲದ್ದಕ್ಕೆ ಸುಣ್ಣಕಲ್ಲಿನಿಂದ ಬರುವ ಬೈಕಾರ್ಬನೇಟ್, ಬೇರು ಬಿಟ್ಟ ಹುಳಿಯನ್ನು ಅಲ್ಲಲ್ಲೇ ಸಪ್ಪೆ ಮಾಡಿಬಿಡುತ್ತದೆ. ಜಡಿಮಳೆ ಹಿಡಿದು ಹೊಲ ಆರದಿದ್ದಾಗ ಇದು ಇನ್ನೂ ಹೆಚ್ಚು. ಶೇಂಗಾದ ಎಳೆ ಎಲೆ ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿಯುವುದು ಆಗಲೇ. (ಗೋಧಿಯ ದಾರಿಯೇ ಬೇರೆ, ಅದಕ್ಕೆ ಈ ಕಿಣ್ವದ ಹಂಗಿಲ್ಲ.)

ಇಂಥ ಮಣ್ಣಿಗೆ ಇಡಿಟಿಎ ಹಾಕಿದರೆ ಸುಣ್ಣದ ಅಂಶ ಅದರೊಳಗೆ ನುಗ್ಗಿ ಕಬ್ಬಿಣವನ್ನು ಹೊರದಬ್ಬುತ್ತದೆ, ಕಬ್ಬಿಣ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಇಡಿಡಿಎಚ್‌ಎ ಪಿಎಚ್ 9ರವರೆಗೂ ಹಿಡಿತ ಬಿಡುವುದಿಲ್ಲ. ಹಾಗೆಂದು ಕಿಣ್ವದ ಕೆಲಸವನ್ನು ಅದು ಮಾಡಿಕೊಡದು. ಕಬ್ಬಿಣವನ್ನು ಬೇರಿನ ಬಾಗಿಲವರೆಗೆ ಹೊತ್ತು ತರುತ್ತದೆ, ಅಷ್ಟೆ. ಆದ್ದರಿಂದ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಿರಿ. ಸಾರಜನಕ ಕೊಡುವುದಿದ್ದರೆ ಅಮೋನಿಯಂ ಸಲ್ಫೇಟ್ ವಾಸಿ: ಅಮೋನಿಯಂ ಹೀರುವ ಬೇರು ಹುಳಿ ಬಿಡುತ್ತದೆ, ನೈಟ್ರೇಟ್ ಹೀರುವಾಗ ಆಗುವುದು ತದ್ವಿರುದ್ಧ.

ಹೊಸ ಪುಡಿ ನೀರಿನಲ್ಲಿ ಕಡುಗೆಂಪಾಗಿ ಕರಗುತ್ತದೆ. ಬೇರೆ ಅಂಗಡಿಯಲ್ಲಿ ಕೊಳ್ಳುವುದಾದರೆ ಪೊಟ್ಟಣದ ಮೇಲೆ ಆರ್ಥೋ-ಆರ್ಥೋ (ಕಬ್ಬಿಣವನ್ನು ಗಟ್ಟಿಯಾಗಿ ಹಿಡಿಯುವ ರೂಪ) ಪ್ರಮಾಣ ಬರೆದಿದೆಯೇ ನೋಡಿ, ಬಣ್ಣ ನಂಬಬೇಡಿ. ಬುಡಕ್ಕೆ ಮಾತ್ರ ಕೊಡಿ. ಎಲೆಗೆ ಹೊಡೆದರೆ ಬಿಸಿಲಿಗೆ ಕೆಡುತ್ತದೆ. ಸಿಂಪಡಣೆಗೆ ಅಗ್ಗದ ಅನ್ನಭೇದಿಯೇ (ಫೆರಸ್ ಸಲ್ಫೇಟ್) ಸಾಕು: ಲೀಟರ್ ನೀರಿಗೆ 5 ಗ್ರಾಂ, ಜತೆಗೆ 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಸಂಜೆ ಹೊತ್ತು.

ಪಿಎಚ್ 6.5ರೊಳಗಿನ ಕೆಂಪು ಮಣ್ಣಿನವರಿಗೆ ಚೀಟಿ ನೋಡಿ ಇಡಿಟಿಎ ತರಿಸಿಕೊಡುತ್ತೇವೆ. ಎರೆಯವರ ಮನೆಯಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೆ ಎಸೆಯಬೇಡಿ, ಸಿಂಪಡಣೆಗೆ ಬರುತ್ತದೆ.

ಇಂತಿ,
ಕಾರ್ಯದರ್ಶಿ
ನಿಮ್ಮ ಸಹಕಾರ ಸಂಘ