ಭಾನುವಾರದ ಚರ್ಚೆ: ಮಗು ಶಾಲೆಗೆ ಹೋದರೆ ಮನೆಗೆ ಹಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಗುಂಪಿನ ಕರೆ ಇದೆ. ಮಗುವಿನ ಹಾಜರಾತಿ ನೋಡಿ ಮನೆಗೆ ಹಣ ಕೊಡುವ ಯೋಜನೆಗಳಿಂದ ಬಾಲಕಾರ್ಮಿಕತನ ಕಡಿಮೆಯಾಗುತ್ತದಾ ಅನ್ನೋದು ವಿಷಯ. ಮಕ್ಕಳಿಗೆ ಪಾಠ ಹೇಳುವ ಸದಸ್ಯರು ತಪ್ಪದೆ ಬನ್ನಿ.

ಮೆಕ್ಸಿಕೊದಲ್ಲಿ 1997ರಲ್ಲಿ ಶುರುವಾದ ಪ್ರೊಗ್ರೆಸಾ ಎಂಬ ಇಂಥದ್ದೇ ಯೋಜನೆಯಲ್ಲಿ ಹಣ ತಾಯಿಯ ಕೈಗೇ ಹೋಗುತ್ತಿತ್ತು. ಶೇ 85 ಹಾಜರಾತಿ ಬೇಕಿತ್ತು. ಮೇಲಿನ ತರಗತಿಯ ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಹಣ. ಇದು ನನಗೆ ತುಂಬಾ ಸರಿ ಅನಿಸುತ್ತದೆ. ಆದರೆ ಬೆಳಗ್ಗೆ ಶಾಲೆ, ಸಂಜೆ ದುಡಿಮೆ ಅಂತಾದರೆ? ಬ್ರೆಜಿಲ್‌ನ ಪೆಟಿ ಯೋಜನೆ ಶಾಲೆ ಮುಗಿದ ಮೇಲಿನ ಚಟುವಟಿಕೆಗಳಿಗೂ ಮಕ್ಕಳು ಬರಬೇಕೆಂದು ಹೇಳಿದ್ದು ಇದಕ್ಕೇ. ಇದರ ಬಗ್ಗೆಯೇ ಹೆಚ್ಚು ಮಾತಾಡೋಣ.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಜೊತೆಗೆ ನಿಮ್ಮ ಒಂದು ಪ್ರಶ್ನೆ ಬರೆದು ಹಾಕಿ. ಕರೆಯ ಲಿಂಕ್ ಶನಿವಾರ ಕಳಿಸುತ್ತೇನೆ.