ಹಿಟ್ಲರ್ ವಿಮಾನ ಮಕ್ಕಳಿಗೆ ಯಾಕೆ ಅಂದವರಿಗೆ

ಮಾನ್ಯ ಸಂಪಾದಕರೇ,

ನಮ್ಮೂರಿನ ಶಾಲೆಯೊಂದರ ವಸ್ತುಪ್ರದರ್ಶನದಲ್ಲಿ ಹುಡುಗರು ಜರ್ಮನ್ ಯುದ್ಧವಿಮಾನಗಳ ಪ್ಲಾಸ್ಟಿಕ್ ಮಾದರಿ ಇಟ್ಟಿದ್ದಕ್ಕೆ ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಸಿಟ್ಟು ಮಾಡಿಕೊಂಡಿದ್ದರು. ಹಿಟ್ಲರನ ವಿಮಾನಕ್ಕೂ ನಮಗೂ ಏನು ಸಂಬಂಧ, ತೇಜಸ್ ಮಾಡಲಿ, ಇದನ್ನು ತೆಗೆಸಿ ಅಂತ. ತೇಜಸ್ ಖಂಡಿತ ಮಾಡಲಿ. ತೆಗೆಸಿ ಅನ್ನೋದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಈ ಹುಚ್ಚು ನನಗೂ ಇದೆ.

ಇದು ಎಂಥ ಕೆಲಸ ಅಂತ ಮೊದಲು ಹೇಳಬೇಕು. 1:72 ಅಳತೆಯ, ಅಂದರೆ ನಿಜವಾದದ್ದರ 72ರಲ್ಲೊಂದು ಪಾಲಿನ, ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಮೆಸ್ಸರ್‌ಶ್ಮಿಟ್ 109 ಅಂದರೆ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 14 ಸೆಂಟಿಮೀಟರ್ ಕೂಡ ಇಲ್ಲ. ಅಂಟಿಸೋದು ಸುಲಭ. ಕಷ್ಟ ಇರೋದು ಬಣ್ಣದಲ್ಲಿ. 1941ರ ನಂತರದ 109ಗಳಲ್ಲಿ ಹೆಚ್ಚಿನವಕ್ಕೆ ಮೇಲೆ ಎರಡು ಬಗೆಯ ಬೂದು, ಕೆಳಗೆ ತೆಳು ನೀಲಿ. ಜರ್ಮನ್ ವಾಯುಯಾನ ಸಚಿವಾಲಯ ಕೊಟ್ಟ 74, 75, 76 ಅನ್ನೋ ನಂಬರಿನಿಂದಲೇ ನಾವು ಇವನ್ನು ಕರೆಯೋದು. ಬೂದು ಮತ್ತು ನೀಲಿ ಸೇರುವ ಪಕ್ಕದ ಮೈಯಲ್ಲಿ ಮಚ್ಚೆಗಳಿರುತ್ತವೆ, ಅಲ್ಲೇ ನಿಜವಾದ ಪರೀಕ್ಷೆ. ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ಗಾಳಿ ಕಡಿಮೆ ಇಟ್ಟು, ಮೂತಿಯನ್ನು ಇನ್ನೇನು ತಾಗಿತು ಅನ್ನುವಷ್ಟು ಹತ್ತಿರ ಹಿಡಿದು, ಟ್ರಿಗರನ್ನು ಒಂಚೂರು ಮಾತ್ರ ಎಳೆಯಬೇಕು. ಜಾಸ್ತಿ ಎಳೆದರೆ ಬಣ್ಣ ನಾಲ್ಕೂ ದಿಕ್ಕಿಗೆ ಓಡುತ್ತದೆ. ಮಚ್ಚೆಯ ಅಂಚು ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು.

ಅದೂ ನಮ್ಮ ಮಂಗಳೂರಿನ ಹವೆಯಲ್ಲಿ! ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ತಿನ್ನರ್ ಬೇಗ ಆರಿ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಕಂಪ್ರೆಸರ್ ಪೈಪಿನಿಂದ ನೀರಿನ ಹನಿ ಬೇರೆ. ಹಾಗಾಗಿ ಜೋರು ಮಳೆಯ ಆಟಿ ತಿಂಗಳಲ್ಲಿ ಕತ್ತರಿಸಿ, ಉಜ್ಜಿ, ಅಂಟಿಸಿ ಇಟ್ಟು, ಬಣ್ಣಕ್ಕೆ ದೀಪಾವಳಿ ಕಳೆಯುವವರೆಗೆ ಕಾಯೋದೇ ವಾಸಿ. ಮೊಬೈಲ್ ಬದಿಗಿಟ್ಟು ಇಷ್ಟು ಕಾಯುವ ಹುಡುಗರನ್ನು ಬೈಯೋದಾ?

ಆದರೆ ಆ ಓದುಗರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಬಾಲದ ಮೇಲೆ ಆ ಗುರುತು ಇದೆಯಲ್ಲ, "ನೋಡು, ಜರ್ಮನರೂ ನಮ್ಮ ಸ್ವಸ್ತಿಕವನ್ನೇ ಇಟ್ಟುಕೊಂಡಿದ್ದರು" ಅಂತ ಮಗನಿಗೆ ಹೆಮ್ಮೆಯಿಂದ ತೋರಿಸುವ ಅಪ್ಪಂದಿರನ್ನು ನಾನೇ ಕಂಡಿದ್ದೇನೆ. ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ನಾವು ಬರೆಯುವ ಸ್ವಸ್ತಿಕದ ಅರ್ಥಕ್ಕೂ ಇದರ ಅರ್ಥಕ್ಕೂ ಏನೂ ಸಂಬಂಧವಿಲ್ಲ. ಇದು ನಾಜಿ ಪಕ್ಷದ ಗುರುತು. ಜರ್ಮನಿಯಲ್ಲಿ ಅದನ್ನು ಸಾರ್ವಜನಿಕವಾಗಿ ತೋರಿಸೋದಕ್ಕೆ ಕಾನೂನಿನ ನಿರ್ಬಂಧ ಇರುವುದರಿಂದ ಎಷ್ಟೋ ಕಿಟ್‌ಗಳ ಡೆಕಾಲ್ ಹಾಳೆಯಲ್ಲಿ, ಅಂದರೆ ಗುರುತುಗಳನ್ನು ಅಂಟಿಸಲು ಕೊಡುವ ಹಾಳೆಯಲ್ಲಿ, ಅದು ಇರುವುದೇ ಇಲ್ಲ. ಇದ್ದರೂ ಕೆಲವದರಲ್ಲಿ ಎರಡು ತುಂಡಾಗಿರುತ್ತದೆ, ಬೇಕಾದವರು ಜೋಡಿಸಿಕೊಳ್ಳಬೇಕು.

ನನ್ನನ್ನು ಕೇಳಿದರೆ, ಶಾಲೆಯಲ್ಲಿ ಇಡುವ ಮಾದರಿಗೆ ಅದನ್ನು ಅಂಟಿಸಲೇಬೇಕು. ಬಿಟ್ಟರೆ ಅದು ಬರೀ ಚಂದದ ವಿಮಾನ ಆಗಿಬಿಡುತ್ತದೆ. ಆದರೆ ಪಕ್ಕದಲ್ಲಿ ಒಂದು ಚೀಟಿ ಇರಲಿ, ಅದರಲ್ಲಿ ವೇಗ, ಎಂಜಿನ್, ಗನ್ ಇಷ್ಟೇ ಬರೆದರೆ ಸಾಲದು. 109ರ ಬಿಡಿಭಾಗಗಳನ್ನು 1943ರಿಂದ ಫ್ಲೊಸೆನ್‌ಬ್ಯುರ್ಗ್ ಯಾತನಾ ಶಿಬಿರದ ಕೈದಿಗಳ ಕೈಯಲ್ಲಿ ಮಾಡಿಸಿದರು. ಯುದ್ಧಕ್ಕೆ ಇಳಿದ ಮೊದಲ ಜೆಟ್ ಫೈಟರ್ ಅಂತ ಎಲ್ಲರೂ ಬಾಯಿಬಿಟ್ಟು ನೋಡುವ ಮೆಸ್ಸರ್‌ಶ್ಮಿಟ್ 262 ಇದೆಯಲ್ಲ, ಅದರ ಮೈಯನ್ನು ಆಸ್ಟ್ರಿಯಾದ ಗೂಸೆನ್ ಶಿಬಿರದ ಕೈದಿಗಳು ನೆಲದಡಿಯ ಸುರಂಗದಲ್ಲಿ ಕಟ್ಟುತ್ತಿದ್ದರು. ಆ ಶಿಬಿರದಲ್ಲಿ ಸಾವಿರಾರು ಜನ ಸತ್ತರು. ಇದನ್ನು ಚೀಟಿಯಲ್ಲಿ ಬರೆದ ಹುಡುಗ ಹಿಟ್ಲರನ ಅಭಿಮಾನಿ ಆಗುತ್ತಾನೆ ಅಂತ ನನಗಂತೂ ಅನಿಸುವುದಿಲ್ಲ.

ಇನ್ನು ನಮಗೇನು ಸಂಬಂಧ ಅನ್ನೋದು. 109ರ ಜೊತೆ ಹಾರಿದ ಇನ್ನೊಂದು ಫೈಟರ್ ಫೋಕ್-ವುಲ್ಫ್ 190. ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ನಮ್ಮ ಬೆಂಗಳೂರಿಗೇ ಬಂದು, ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ರೂಪಿಸಿದರು. ಅದು 1961ರ ಜೂನ್‌ನಲ್ಲಿ ಮೊದಲ ಸಲ ಹಾರಿತು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ದಾಳಿಗೆ ಹೋಯಿತು. ತೇಜಸ್‌ಗಿಂತ ಎಷ್ಟೋ ಮೊದಲಿನ ನಮ್ಮ ಜೆಟ್ ಅದು! ಅತ್ತ ಇಂಗ್ಲೆಂಡಿನಲ್ಲಿ ನಮ್ಮ ದೇಶದ ಪೈಲಟ್ ಮಹಿಂದರ್ ಸಿಂಗ್ ಪೂಜಿ 1941ರಲ್ಲಿ ಪೇಟ ಕಟ್ಟಿಕೊಂಡೇ ಬ್ರಿಟಿಷರ ಹರಿಕೇನ್ ಫೈಟರ್ ಹಾರಿಸಿ ಇದೇ 109ಗಳನ್ನು ಎದುರಿಸಿದ್ದರು. ಇಷ್ಟು ಸಂಬಂಧ ಸಾಕಲ್ವಾ?

ಮುಂದಿನ ಸಲ 190ರ ಪಕ್ಕದಲ್ಲೇ ಮಾರುತ್ ಇಡಲಿ. ಅಂಗಡಿಯಲ್ಲಿ ಕಿಟ್ ಸಿಗದಿದ್ದರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿಯೇ ಮಾಡುವ ಕೈ ಈ ಹುಡುಗರಿಗಿದೆ. ಶಾಲೆಯವರಲ್ಲಿ ಒಂದೇ ಕೋರಿಕೆ, ಹೆದರಿ ಮಾದರಿಗಳನ್ನು ಕಪಾಟಿಗೆ ತುಂಬಬೇಡಿ, ಚೀಟಿ ಬರೆಸಿ. ಬೇಕಿದ್ದರೆ ನಾನೇ ಬಂದು ಹುಡುಗರ ಜೊತೆ ಕೂತು ಬರೆಸಿಕೊಡುತ್ತೇನೆ.

ನಿಮ್ಮ ಓದುಗ,
ಮಣ್ಣಗುಡ್ಡ, ಮಂಗಳೂರು