ಬೀಗ ಹಾಕಿಟ್ಟ ಮೈಕ್ರೋಸ್ಕೋಪ್‌ಗಳ ಗತಿ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಿಮ್ಮ ಪತ್ರಿಕೆಯಲ್ಲಿ ಹೊಸ ಪ್ರಯೋಗಾಲಯವೊಂದರ ಉದ್ಘಾಟನೆಯ ಫೋಟೊ ಬಂದಿತ್ತು. ಅತಿಥಿಗಳು ಬಗ್ಗಿ ಮೈಕ್ರೋಸ್ಕೋಪ್‌ಗೆ ಕಣ್ಣು ಹಚ್ಚಿದ್ದಾರೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದಾರೆ. ಮೈಕ್ರೋಸ್ಕೋಪಿನ ಸ್ಟೇಜ್, ಅಂದರೆ ಸ್ಲೈಡ್ ಇಡುವ ಕಟ್ಟೆಯ ಮೇಲೆ ಸ್ಲೈಡೇ ಇಲ್ಲ, ದೀಪವೂ ಹತ್ತಿಲ್ಲ. ಅವರಿಗೆ ಏನು ಕಂಡಿತೋ ದೇವರೇ ಬಲ್ಲ! ಅದು ಹೋಗಲಿ, ಉದ್ಘಾಟನೆಯ ಗಡಿಬಿಡಿ ಇರುತ್ತದೆ. ನನ್ನ ಕಣ್ಣು ಹೋಗಿದ್ದು ಹಿಂದಿದ್ದ ಬೀರುವಿನ ಮೇಲೆ. ಉಳಿದ ಮೈಕ್ರೋಸ್ಕೋಪ್‌ಗಳಿಗೆಲ್ಲ ಪ್ಲಾಸ್ಟಿಕ್ ಕವರ್ ಹಾಕಿ, ಸಾಲಾಗಿ ಜೋಡಿಸಿ, ಬೀಗ ಜಡಿದಿದ್ದರು. ಆ ಬೀಗದ ಬಗ್ಗೆಯೇ ಈ ಪತ್ರ.

ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾದವನು. ಈಗಲೂ ಶಾಲೆ, ಕಾಲೇಜಿನವರು ‘ಮೈಕ್ರೋಸ್ಕೋಪ್ ಕೆಟ್ಟಿದೆ, ಸ್ವಲ್ಪ ಬಂದು ನೋಡಿ’ ಎಂದು ಕರೆಯುತ್ತಾರೆ. ಹೋಗಿ ನೋಡಿದರೆ ಬಳಸಿ ಕೆಟ್ಟಿದ್ದಕ್ಕಿಂತ ಬಳಸದೇ ಕೆಟ್ಟಿದ್ದೇ ಜಾಸ್ತಿ. ‘ಬೆಲೆಬಾಳುವ ವಸ್ತು, ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ’ ಎಂದು ಒಳಗಿಡುತ್ತಾರೆ. ಮಕ್ಕಳ ಕೈಯಿಂದ ತಪ್ಪಿಸಿಕೊಂಡಿದ್ದು ಫಂಗಸ್‌ನ ಬಾಯಿಗೆ ಹೋಗುತ್ತದೆ.

ಕತ್ತಲೆ, ತೇವ, ಆಡದೆ ನಿಂತ ಗಾಳಿ. ಫಂಗಸ್‌ಗೆ ಬೇಕಾದ್ದು ಇಷ್ಟೇ. ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಇವು ಮೂರೂ ಸಿಗುತ್ತವೆ. ಲೆನ್ಸ್ ಮೇಲೆ ಉಳಿದ ಬೆರಳಿನ ಜಿಡ್ಡು, ಧೂಳು ಅದಕ್ಕೆ ಆಹಾರ. ಶುರುವಿನಲ್ಲಿ ಗಾಜಿನ ಅಂಚಿನಿಂದ ಜೇಡರ ಬಲೆಯ ಹಾಗೆ ತೆಳು ಎಳೆಗಳು ಹೊರಡುತ್ತವೆ. ಆ ಹಂತದಲ್ಲಿ ಒರೆಸಿದರೆ ಹೋಗುತ್ತದೆ. ಬಿಟ್ಟರೆ ಅದು ಬಿಡುವ ಆಮ್ಲ ಲೆನ್ಸಿನ ಲೇಪವನ್ನು, ಆಮೇಲೆ ಗಾಜನ್ನೇ ತಿನ್ನುತ್ತದೆ. ಆಗ ಎಳೆ ತೆಗೆದರೂ ಗುರುತು ಹೋಗುವುದಿಲ್ಲ. ಚಿತ್ರ ಮಂಜು ಮಂಜು. ಆ ಲೆನ್ಸ್ ಬದಲಾಯಿಸದೆ ಬೇರೆ ದಾರಿಯಿಲ್ಲ.

ಹಾಗಂತ ಧೂಳಿಗೆ ಬಿಚ್ಚಿಡಿ ಎನ್ನುತ್ತಿಲ್ಲ. ಕವರ್ ಬೇಕು. ಆದರೆ ದೀಪ ಆರಿಸಿ, ಬಿಸಿ ತಣಿದ ಮೇಲೆ ಹಾಕಬೇಕು. ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಕಾಳು ಇಡಬೇಕು. ನೀಲಿ ಕಾಳು ಗುಲಾಬಿಗೆ ತಿರುಗಿತು ಎಂದರೆ ಅದು ಇನ್ನು ತೇವ ಹೀರುವುದಿಲ್ಲ ಎಂದರ್ಥ. ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಮೇಲಿಟ್ಟು ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ, ಮತ್ತೆ ಬಳಸಬಹುದು. ಇದನ್ನು ಹೇಳಿಕೊಟ್ಟವರೇ ಇಲ್ಲ. ನಾನು ನೋಡಿದ ಎಷ್ಟೋ ಬೀರುಗಳಲ್ಲಿ ಸಿಲಿಕಾ ಜೆಲ್ ಇದೆ, ಇಟ್ಟಾಗಿನಿಂದ ಯಾರೂ ಮುಟ್ಟಿಲ್ಲ, ಗುಲಾಬಿಯಾಗಿ ಕೂತಿದೆ. ಇದೆಲ್ಲಕ್ಕಿಂತ ಒಳ್ಳೆಯ ಉಪಾಯ ಎಂದರೆ ಆಗಾಗ ಹೊರಗೆ ತೆಗೆದು ಬಳಸುವುದು. ಗಾಳಿ ಬೆಳಕು ತಾಗುತ್ತದೆ, ಒರೆಸುವ ಕೈಯೂ ತಾಗುತ್ತದೆ.

ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿ ಕಂಡಿದ್ದು 1897ರ ಆಗಸ್ಟ್ 20ರಂದು. ಆಗ ಅವರ ಮೈಕ್ರೋಸ್ಕೋಪಿನ ತಿರುಪುಗಳು ಅವರದೇ ಬೆವರಿಗೆ ತುಕ್ಕು ಹಿಡಿದಿದ್ದವಂತೆ, ಉಳಿದಿದ್ದ ಒಂದೇ ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಬಿರುಕು ಬಿಟ್ಟಿತ್ತಂತೆ. ಅವರೇ ಹೇಳಿಕೊಂಡಿದ್ದಾರೆ. ಬೆವರು ಒರೆಸದೇ ಇದ್ದದ್ದು ಸರಿ ಎಂದು ನಾನು ಹೇಳಲಾರೆ. ಆದರೂ ಬಳಸಿ ಸವೆದ ಆ ಉಪಕರಣದ ಮೇಲೆ ನನಗೆ ಗೌರವ ಜಾಸ್ತಿ.

ಇನ್ನು ಬಳಸುವಾಗ ಆಗುವ ಹಾನಿ. ಅದರಲ್ಲಿ ಮೊದಲ ಸ್ಥಾನ ಎಣ್ಣೆಗೆ. ಸ್ಲೈಡಿನ ಕಡೆ ಇರುವ ಲೆನ್ಸೇ ಆಬ್ಜೆಕ್ಟಿವ್. 4, 10, 40, 100 ಎಂದರೆ ಅದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂಬ ಲೆಕ್ಕ. 100ರ ಆಬ್ಜೆಕ್ಟಿವ್‌ಗೆ ಎಣ್ಣೆ ಬೇಕೇ ಬೇಕು. ಸ್ಲೈಡಿನ ಗಾಜಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿ ಚದುರುತ್ತದೆ, ಒಂದಷ್ಟು ಲೆನ್ಸ್ ಒಳಗೆ ಬರುವುದೇ ಇಲ್ಲ. ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.515, ಹೆಚ್ಚುಕಡಿಮೆ ಗಾಜಿನಷ್ಟೇ. ಹಾಗಾಗಿ ನಡುವೆ ಎಣ್ಣೆಯ ಹನಿ ಇದ್ದರೆ ಬೆಳಕು ನೇರವಾಗಿ ದಾಟುತ್ತದೆ. ಆಗ ಸುಮಾರು 0.27 ಮೈಕ್ರೋಮೀಟರ್ ಅಂತರದ ಎರಡು ಚುಕ್ಕಿಗಳನ್ನೂ ಬೇರೆ ಬೇರೆಯಾಗಿ ನೋಡಬಹುದು. ಜರ್ಮನ್ ವಿಜ್ಞಾನಿ ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದರ ಹಿಂದೆ ಅವರ ಬಣ್ಣ ಹಾಕುವ ವಿಧಾನದ ಜೊತೆಗೆ ಇಂಥ ಎಣ್ಣೆ ಲೆನ್ಸೂ, ದೀಪದ ಬೆಳಕನ್ನು ಸ್ಲೈಡಿನ ಮೇಲೆ ಒಟ್ಟುಗೂಡಿಸುವ ಒಳ್ಳೆಯ ಕಂಡೆನ್ಸರೂ ಇದ್ದವು. ಎಣ್ಣೆಯಿಲ್ಲದೆ 100 ಹಾಕಿ ‘ಏನೂ ಕಾಣಲ್ಲ ಸಾರ್’ ಎನ್ನುವವರಿಗೆ ಲೆನ್ಸ್ ತುದಿಯ ಕಪ್ಪು ಪಟ್ಟಿ ತೋರಿಸುತ್ತೇನೆ. ಎಣ್ಣೆ ಬೇಕು ಎನ್ನುವ ಗುರುತೇ ಅದು.

ತೊಂದರೆ ಶುರುವಾಗುವುದು ನೋಡಿ ಮುಗಿದ ಮೇಲೆ. ಎಣ್ಣೆ ಹಾಕಿದ ಸ್ಲೈಡ್ ಹಾಗೇ ಇರುವಾಗ, ಆಬ್ಜೆಕ್ಟಿವ್ ಕೂರಿಸಿದ ನೋಸ್‌ಪೀಸ್ ತಿರುಗಿಸಿ 40ಕ್ಕೆ ಬರುತ್ತಾರೆ. ಅದು ಒಣ ಲೆನ್ಸ್, ಎಣ್ಣೆಯಿಲ್ಲದೆ ಬಳಸುವಂಥದ್ದು. ಅದರ ಮೂತಿ ಸ್ಲೈಡಿಗೆ ಅರ್ಧ ಮಿಲಿಮೀಟರ್ ಚಿಲ್ಲರೆ ಹತ್ತಿರ ಇರುತ್ತದೆ. ಸೀದಾ ಎಣ್ಣೆಯಲ್ಲಿ ಅದ್ದಿಕೊಳ್ಳುತ್ತದೆ. ‘40 ಕೆಟ್ಟಿದೆ’ ಎಂದು ಕೈಗೆ ಬರುವ ಬಹಳಷ್ಟು ಲೆನ್ಸುಗಳ ಕಥೆ ಇದೇ. ನಾವು ಕೆಲಸಕ್ಕೆ ಸೇರಿದಾಗ ಸೀಡರ್‌ವುಡ್ ಎಣ್ಣೆ ಇತ್ತು, ಒಣಗಿದರೆ ಗೋಂದು. ಈಗಿನ ಎಣ್ಣೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಆ ಧೈರ್ಯಕ್ಕೇ ಜನ ಒರೆಸದೆ ಎದ್ದು ಹೋಗುತ್ತಾರೆ.

ಒರೆಸುವುದಕ್ಕೂ ಕ್ರಮ ಇದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಧೂಳು ಊದಿ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಆಮೇಲೆ ಲೆನ್ಸ್ ಪೇಪರ್ ಒತ್ತಿ ಎಣ್ಣೆ ಹೀರಿಸಿ. ಉಜ್ಜಬೇಡಿ. ಹೊಸ ಪೇಪರಿಗೆ ಒಂದೇ ಹನಿ ಲೆನ್ಸ್ ಕ್ಲೀನರ್ ಹಾಕಿ ಮೆಲ್ಲಗೆ ಒರೆಸಿ, ಕೊನೆಗೆ ಒಣ ಪೇಪರ್. ದ್ರಾವಕವನ್ನು ಲೆನ್ಸ್ ಮೇಲೆ ನೇರವಾಗಿ ಸುರಿದರೆ ಅದು ಒಳಗಿಳಿದು ಗಾಜುಗಳನ್ನು ಅಂಟಿಸಿದ ಅಂಟನ್ನೇ ಕರಗಿಸಬಹುದು. ಕರ್ಚೀಫು, ಅಂಗಿಯ ಚುಂಗು, ಮೂಗು ಒರೆಸುವ ಟಿಶ್ಯೂ ಇವುಗಳ ವಿಚಾರ ಬರೆಯಲೂ ನನಗೆ ಸಿಟ್ಟು ಬರುತ್ತದೆ.

ಎಲ್ಲಿ ಕೊಳೆ ಇದೆ ಎಂದು ತಿಳಿಯದೆ ಎಲ್ಲವನ್ನೂ ಬಿಚ್ಚಿ ಒರೆಸುವ ಉತ್ಸಾಹಿಗಳೂ ಇದ್ದಾರೆ. ಅದೂ ಬೇಡ. ನೋಡುತ್ತಾ ಐಪೀಸ್ ತಿರುಗಿಸಿ. ಚುಕ್ಕಿ ಜೊತೆಯಲ್ಲೇ ತಿರುಗಿದರೆ ಕೊಳೆ ಐಪೀಸಿನದು. ಸ್ಲೈಡ್ ಸರಿಸಿದಾಗ ಸರಿದರೆ ಸ್ಲೈಡಿನದು. ಚುಕ್ಕಿಯೇ ಇಲ್ಲ, ಇಡೀ ಚಿತ್ರ ಮಸುಕು ಎಂದರೆ ಆಬ್ಜೆಕ್ಟಿವ್ ಮೇಲೆ ಅನುಮಾನ ಪಡಿ. ಅದನ್ನು ನೋಡಲು ಬೇರೆ ಭೂತಗನ್ನಡಿ ಬೇಕಿಲ್ಲ. ಐಪೀಸನ್ನೇ ಕಳಚಿ, ತಲೆಕೆಳಗಾಗಿ ಹಿಡಿದು, ಲೆನ್ಸಿನ ಮೂತಿಯ ಹತ್ತಿರ ತನ್ನಿ. ಒಣಗಿದ ಎಣ್ಣೆ, ಗೀರು ಎಲ್ಲ ದೊಡ್ಡದಾಗಿ ಕಾಣುತ್ತದೆ.

‘40ರಲ್ಲಿ ಫೋಕಸ್ ಬರುತ್ತಿಲ್ಲ’ ಎಂಬ ದೂರು ಬಂದರೆ ನಾನು ಮೊದಲು ಮಾಡುವ ಕೆಲಸ ಸ್ಲೈಡ್ ಮಗುಚುವುದು. ನಗಬೇಡಿ. ಸ್ಲೈಡಿನ ದಪ್ಪ ಸುಮಾರು 1 ಮಿಲಿಮೀಟರ್, ಅದರ ಮೇಲೆ ಮುಚ್ಚುವ ತೆಳು ಗಾಜು, ಕವರ್ ಸ್ಲಿಪ್ಪಿನದು 0.17. ಕವರ್ ಸ್ಲಿಪ್ ಕೆಳಗೆ ಮಾಡಿ ಸ್ಲೈಡ್ ಇಟ್ಟರೆ 4ರಲ್ಲಿ, 10ರಲ್ಲಿ ಚೆನ್ನಾಗೇ ಕಾಣುತ್ತದೆ. 40ಕ್ಕೆ ಮಾತ್ರ ಅಷ್ಟು ಗಾಜು ದಾಟಿ ನೋಡಲು ಜಾಗ ಸಾಲದು. ಹುಡುಗರು ಫೋಕಸ್ ಹುಡುಕುತ್ತಾ ದೊಡ್ಡ ತಿರುಪು ತಿರುವುತ್ತಾರೆ, ಲೆನ್ಸ್ ಸ್ಲೈಡಿಗೆ ಗುದ್ದುತ್ತದೆ. ಮೂತಿಯಲ್ಲಿ ಸ್ಪ್ರಿಂಗ್ ಇರುವುದರಿಂದ ಕೆಲವು ಸಲ ಬಚಾವ್. ದೊಡ್ಡ ತಿರುಪು ಏನಿದ್ದರೂ 4ರಲ್ಲಿ. ಅದೂ ಮೊದಲು ಪಕ್ಕದಿಂದ ನೋಡುತ್ತಾ ಸ್ಟೇಜ್ ಮೇಲೇರಿಸಿ, ಆಮೇಲೆ ಕಣ್ಣಿಟ್ಟು ಇಳಿಸುತ್ತಾ ಫೋಕಸ್ ಮಾಡಬೇಕು. 40, 100ರಲ್ಲಿ ಸಣ್ಣ ತಿರುಪು ಮಾತ್ರ.

ಸ್ಟೇಜ್ ತಾನಾಗಿ ಜಾರುತ್ತದೆಯೇ? ಅದೂ ಹಾಳಾಗಿದ್ದಲ್ಲ. ಬಹಳಷ್ಟು ಮಾದರಿಗಳಲ್ಲಿ ದೊಡ್ಡ ತಿರುಪಿನ ಪಕ್ಕ ಬಿಗಿ ಹೊಂದಿಸುವ ಬಳೆ ಇರುತ್ತದೆ, ಸ್ವಲ್ಪ ತಿರುಗಿಸಿದರೆ ಆಯಿತು. ಬೆಳಕು ಜಾಸ್ತಿ ಎಂದು ಕಂಡೆನ್ಸರನ್ನು ಕೆಳಗಿಳಿಸುವುದು ಇನ್ನೊಂದು ಕೆಟ್ಟ ಅಭ್ಯಾಸ. ಬೆಳಕಿಗೆ ದೀಪದ ಗುಂಡಿ ಇದೆ ಅಲ್ವಾ? ಕಂಡೆನ್ಸರ್ ಮೇಲೇ ಇರಲಿ. ಹ್ಯಾಲೊಜನ್ ಬಲ್ಬ್ ಬದಲಿಸುವಾಗ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಉಳಿದ ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ. ಮೈಕ್ರೋಸ್ಕೋಪ್ ಎತ್ತುವಾಗ ಒಂದು ಕೈ ಅದರ ತೋಳಿಗೆ, ಇನ್ನೊಂದು ತಳಕ್ಕೆ.

ಇಷ್ಟೆಲ್ಲ ಬರೆದಿದ್ದು ಹುಡುಗರನ್ನು ಹೆದರಿಸಲಿಕ್ಕಲ್ಲ. ಇದು ಒಂದು ತರಗತಿಯಲ್ಲಿ ಹೇಳಿ ಮುಗಿಸಬಹುದಾದ ವಿಷಯ. ಆದರೆ ಪಠ್ಯದಲ್ಲಿ ಮೈಕ್ರೋಸ್ಕೋಪಿನ ಚಿತ್ರ ಬರೆದು ಭಾಗ ಗುರುತಿಸಲು ಅಂಕ ಇದೆ, ಒರೆಸಲು ಅಂಕ ಇಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಎಣ್ಣೆ ಲೆನ್ಸ್ ಒರೆಸಿ, 4ಕ್ಕೆ ತಂದು, ಸ್ಲೈಡ್ ತೆಗೆದು, ದೀಪ ತಗ್ಗಿಸಿ ಆರಿಸಿ ಎದ್ದವರಿಗೆ ಎರಡು ಅಂಕ ಕೊಡಿ ಎನ್ನುವುದು ನನ್ನ ಬೇಡಿಕೆ. ಹಾಗೆಯೇ ಉಪಕರಣ ಕೊಳ್ಳುವ ಹಣದಲ್ಲಿ ಲೆನ್ಸ್ ಪೇಪರ್, ಬಿಡಿ ಬಲ್ಬ್, ವರ್ಷಕ್ಕೊಮ್ಮೆ ಸರ್ವಿಸ್ ಇವಕ್ಕೂ ಒಂದಿಷ್ಟು ತೆಗೆದಿಡಬೇಕು. ಬೀರುವಿನ ಬೀಗದ ಕೈ ದಿನವೂ ಲ್ಯಾಬಿನಲ್ಲಿರುವವರ ಹತ್ತಿರ ಇರಲಿ, ಮುಖ್ಯಸ್ಥರ ಡ್ರಾದಲ್ಲಿ ಬೇಡ.

ಹೊಸದು ಬೇಕೆಂದು ಅರ್ಜಿ ಬರೆಯುವ ಮುಂಚೆ ಹಳೆಯದರ ಐಪೀಸ್, ಆಬ್ಜೆಕ್ಟಿವ್ ಕಳಚಿ ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬರೀ ಎಣ್ಣೆ, ಧೂಳು ಇದ್ದರೆ ಅವತ್ತೇ ಒರೆಸಿ ಕ್ಲಾಸಿಗೆ ಕೊಡಬಹುದು. ಫಂಗಸ್ ಎಳೆ ಕಂಡರೆ ಅದನ್ನು ಉಳಿದವುಗಳಿಂದ ಬೇರೆ ಇಟ್ಟು, ಕೈಯಾಡಿಸದೆ, ರಿಪೇರಿ ಬಲ್ಲವರಿಗೆ ಹೇಳಿ ಕಳಿಸಿ.

ಇಂತಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್